ಸಿಂಬೆ ಇಲ್ಲದ ಹಾಡು

ಹೋದ ವರ್ಷ ಮಾಗಿಯಲ್ಲಿ ಒಬ್ಬ ಹುಡುಗ ನಮ್ಮ ಮನೆ ಹುಡುಕಿಕೊಂಡು ಬಂದ. ಬೆಂಗಳೂರಲ್ಲಿ ಎಂ.ಎ. ಓದುತ್ತಾನಂತೆ. ಚಳವಳಿಯ ಹಾಡುಗಳ ಮೇಲೆ ಏನೋ ಬರೆಯಬೇಕಂತೆ. ಕಾಫಿ ಕುಡಿದು ಲೋಟ ಕೆಳಗಿಟ್ಟ. ಫೋನನ್ನು ನನ್ನ ಮುಂದೆ ಮಲಗಿಸಿದ. "ಸಾರ್, ಸಿದ್ಧಲಿಂಗಯ್ಯನವರ 'ನನ್ನ ಜನಗಳು' ಹಾಡು ಹುಟ್ಟಿದ್ದು ಹೆಂಗೆ? ನೀವು ಆ ಕಾಲದವರು, ಈ ಸೀಮೆಯವರು. ನೀವು ಹೇಳಬೇಕು" ಅಂದ.

ನಾನು 38 ವರ್ಷ ಹಳ್ಳಿ ಇಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟವನು. ಪ್ರಶ್ನೆ ಕೇಳಿದರೆ ಸಾಕು, ಉತ್ತರ ಒಪ್ಪಿಸಿಬಿಡುವ ಚಟ. ಕವಿ ಹುಟ್ಟಿದ್ದು 1954ರ ಫೆಬ್ರವರಿ 3, ಮಾಗಡಿ ತಾಲ್ಲೂಕಿನ ಮಂಚನಬೆಲೆ. ಹಾಡು ಇರುವುದು 'ಹೊಲೆಮಾದಿಗರ ಹಾಡು' ಸಂಕಲನದಲ್ಲಿ. ಸಂಕಲನ ಬಂದದ್ದು 1975. ಆಗ ಕವಿಗೆ 21 ವರ್ಷ. ಹುಡುಗ ಬರೆದುಕೊಂಡ. ಥ್ಯಾಂಕ್ಸ್ ಹೇಳಿ ಬಸ್ಸಿಗೆ ಹೋದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೇಳಿದ ಲೆಕ್ಕವೆಲ್ಲ ಸರಿಯಾಗಿತ್ತು. ಆದರೆ ಹೇಳಬೇಕಾದ್ದನ್ನು ನುಂಗಿಕೊಂಡಿದ್ದೆ. ಒಂದು ಪುಸ್ತಕ ಅಚ್ಚಾದ ವರ್ಷ ಹೇಳಿದರೆ ಹಾಡು ಹುಟ್ಟಿದ ಕತೆ ಹೇಳಿದಂಗಾಯಿತೆ? ಮಗು ಹುಟ್ಟಿದ್ದು ಹೆಂಗೆ ಅಂತ ಕೇಳಿದರೆ ಪಂಚಾಯ್ತಿ ರಿಜಿಸ್ಟರು ತೋರಿಸಿದಂಗಾಯಿತು. ನುಂಗಿಕೊಂಡದ್ದನ್ನು ಇಲ್ಲಿ ಕಕ್ಕುತ್ತಿದ್ದೇನೆ. ಇದು ಆ ಕವಿಯ ಕತೆ ಅಲ್ಲ. ಆತನ ಕತೆಯನ್ನು ಆತನೇ ಬರೆದಿದ್ದಾರೆ. ಇದು ಆ ಹಾಡಿನೊಳಗೆ ಕಲ್ಲು ಹೊತ್ತುಕೊಂಡು ನಿಂತಿರುವ ಒಬ್ಬ ಮನುಷ್ಯನ ಕತೆ. ಆತ ನಮ್ಮಪ್ಪ.

*

ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರು. ಸರ್ ಬ್ಯಾರಿ ಕ್ಲೋಸ್ ಅನ್ನುವ ದೊರೆಯ ಹೆಸರು ಅದು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಬದಲಾಗಲಿಲ್ಲ. ಭೂವಿಜ್ಞಾನದವರು ಈ ಬಂಡೆಗಳನ್ನು ಇವತ್ತಿಗೂ 'ಕ್ಲೋಸ್‌ಪೇಟ್ ಗ್ರಾನೈಟ್' ಅಂತಲೇ ಕರೆಯುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 400 ಕಿಲೋಮೀಟರು ಉದ್ದಕ್ಕೆ ಬೆನ್ನುಮೂಳೆ ತರ ಬಿದ್ದಿರುವ ಕಲ್ಲು. ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗ, ರಾಮದೇವರ ಬೆಟ್ಟ, ಕನಕಪುರದ ಕಡೆಯ ಬೋಳುಗುಡ್ಡಗಳು ಎಲ್ಲ ಇದೇ ವಂಶ. 2007ರಲ್ಲಿ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ನಾಲ್ಕೂ ಸೇರಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಹೆಸರು ಎಷ್ಟು ಸಲ ಬದಲಾದರೇನು? ಕಲ್ಲು ಅದೇ. ಅದನ್ನು ಹೊರುವವನ ಜಾತಿಯೂ ಬಹುಕಾಲ ಬದಲಾಗಲಿಲ್ಲ.

ಬೆಂಗಳೂರು ಬೆಳೆದದ್ದು ಈ ಕಲ್ಲಿನ ಮೇಲೆ. ಪಾಯಕ್ಕೆ ಹಾಕುವ, ಕಾಂಪೌಂಡಿಗೆ ಕಟ್ಟುವ, ಒಂದು ಅಳತೆಗೆ ಒಡೆದ ಕಲ್ಲಿಗೆ ನಮ್ಮ ಕಡೆ ಸೈಜುಗಲ್ಲು ಅನ್ನುತ್ತಾರೆ. ಇಂಗ್ಲಿಷಿನ 'ಸೈಜು' ನಮ್ಮ ಕೇರಿಗೆ ಇಸ್ಕೂಲಿನಿಂದ ಬಂದದ್ದಲ್ಲ, ಕಲ್ಲಿನ ಜೊತೆ ಬಂತು. ನಮ್ಮವ್ವನಿಗೆ ಗೊತ್ತಿದ್ದ ಇಂಗ್ಲಿಷು ಎರಡೇ ಪದ. ಒಂದು ಸೈಜು, ಇನ್ನೊಂದು ಲೋಡು.

ನಮ್ಮೂರಿನ ಬಂಡೆಯಲ್ಲಿ ಕುಳಿ ತೆಗೆದು, ಬೆಣೆ ಹೊಡೆದು ಸೀಳುತ್ತಿದ್ದವರು ಭೋವಿ ಜನ. ಸೀಳಿದ ಕಲ್ಲನ್ನು ಮೇಲಿಂದ ಲಾರಿ ನಿಲ್ಲುವ ಜಾಗದವರೆಗೆ ಹೊರುತ್ತಿದ್ದವರು ನಮ್ಮ ಕೇರಿಯವರು. ಹರಕು ಪಂಚೆಯನ್ನೋ ಸೀರೆಯನ್ನೋ ಸುತ್ತಿ ಸಿಂಬೆ ಮಾಡಿ ನೆತ್ತಿ ಮೇಲೆ ಇಟ್ಟುಕೊಳ್ಳಬೇಕು. ಇಬ್ಬರು ಎತ್ತಿ ತಲೆಗೆ ಕೊಡಬೇಕು. ಆಮೇಲೆ ಕುತ್ತಿಗೆ ಅಲುಗಿಸಬಾರದು. ಅಡ್ಡ ನೋಡಬಾರದು. ಮಾತಾಡಬಾರದು. ಕೆಳಗೆ ಮೇಸ್ತ್ರಿ ಬಂಡೆಯ ಮೇಲೆ ಇದ್ದಲಿನಲ್ಲಿ ಗೆರೆ ಹಾಕುತ್ತಿದ್ದ. ಒಂದು ಕಲ್ಲಿಗೆ ಒಂದು ಗೆರೆ. ಸಂಜೆ ಹೊತ್ತಿಗೆ ಯಾಕೋ ಏನೋ ಒಂದೆರಡು ಗೆರೆ ಅಳಿಸಿಹೋಗಿರುತ್ತಿದ್ದವು.

ಗಣಿತದ ಮೇಷ್ಟ್ರಾದ ಮೇಲೆ ನಾನು ಲೆಕ್ಕ ಹಾಕಿದ್ದೇನೆ. ಒಂದು ಘನ ಅಡಿ ಗ್ರಾನೈಟು ಸುಮಾರು 75 ಕಿಲೋ ತೂಗುತ್ತದೆ. ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಅರ್ಧ ಅಡಿ ದಪ್ಪದ ಕಲ್ಲು ಅಂದರೆ 28 ಕಿಲೋ. ನಮ್ಮಪ್ಪ ದಿನಕ್ಕೆ 60 ಕಲ್ಲು ಹೊರುತ್ತಿದ್ದ. 1,680 ಕಿಲೋ. ಒಂದೂವರೆ ಟನ್ನಿಗೂ ಮೇಲೆ. ಎರಡೂವರೆ ರೂಪಾಯಿ ಕೂಲಿಗೆ. ಅಪ್ಪನ ನೆತ್ತಿಯ ನಡುವೆ ಕಾಸಿನಗಲ ಕೂದಲೇ ಇರಲಿಲ್ಲ. ಸಣ್ಣವನಿದ್ದಾಗ ಅಲ್ಲಿ ಬೆರಳಿಟ್ಟು ಆಟ ಆಡುತ್ತಿದ್ದೆ. ಎಲ್ಲ ಅಪ್ಪಂದಿರ ತಲೆಯೂ ಹಂಗೇ ಇರುತ್ತದೆ ಅಂದುಕೊಂಡಿದ್ದೆ.

*

1974. ನಾನು ಒಂಬತ್ತನೇ ಕ್ಲಾಸು. ಹೈಸ್ಕೂಲಿಗೆ ಹೊಸದಾಗಿ ಎರಡು ರೂಮು ಕಟ್ಟಿಸುತ್ತಿದ್ದರು. ನಮ್ಮ ಬಂಡೆಯ ಕಲ್ಲೇ ಬಂತು. ಇಳಿಸಿ ಹೊರಲು ನಮ್ಮ ಕೇರಿಯವರೇ ಬಂದರು.

ಅವತ್ತು ಡ್ರಿಲ್ ಪಿರಿಯಡ್ಡು. ನಾವೆಲ್ಲ ಮೈದಾನದಲ್ಲಿ ಸಾಲಾಗಿ ನಿಂತಿದ್ದೆವು. ಹಲಗೆಯ ಮೇಲೆ ಒಂದರ ಹಿಂದೆ ಒಂದು ತಲೆ, ಒಂದೊಂದು ತಲೆ ಮೇಲೂ ಒಂದೊಂದು ಕಲ್ಲು. ಮೂರನೆಯವನು ನಮ್ಮಪ್ಪ. ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲ. ನನ್ನ ಪಕ್ಕ ನಿಂತಿದ್ದ ಊರ ಗೌಡರ ಕಡೆಯ ಹುಡುಗ, "ಲೇ, ಆ ಮೂರನೇಯವ್ನು ನಿಮ್ ಕೇರಿಯವ್ನಲ್ವೇನ್ಲಾ? ಯಾರ್ಲಾ ಅವ್ನು?" ಅಂದ.

"ಗೊತ್ತಿಲ್ಲ" ಅಂದೆ.

ಅಂದು, ಗೋಡೆ ಕಡೆ ತಿರುಗಿ, ಕಾಲಿಗೆ ಮುಳ್ಳು ಚುಚ್ಚಿದವನಂತೆ ಬಗ್ಗಿ ಕುಂತೆ. ತಲೆ ಎತ್ತಿದಾಗ ಅಪ್ಪ ನನ್ನನ್ನೇ ನೋಡುತ್ತಿದ್ದ. ಕಲ್ಲು ಹೊತ್ತವನು ಅಡ್ಡ ನೋಡಬಾರದು ಅಂದೆನಲ್ಲ, ಅವತ್ತು ಅಪ್ಪ ಅಡ್ಡ ನೋಡಿದ್ದ. ಅರೆಗಳಿಗೆ. ಆಮೇಲೆ ನೆಟ್ಟಗೆ ನಡೆದು ಹೋದ.

ಆ ವಿಷಯ ಮನೆಯಲ್ಲಿ ಒಂದು ದಿನವೂ ಎತ್ತಲಿಲ್ಲ. ಎತ್ತಿ ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದಾದ ತಿಂಗಳಿಗೆ ಸ್ಕಾಲರ್‌ಶಿಪ್ ಅರ್ಜಿ ಬಂತು. 'ತಂದೆಯ ಉದ್ಯೋಗ' ಅನ್ನುವ ಕಡೆ ನಾನು 'ವ್ಯವಸಾಯ' ಅಂತ ಬರೆದೆ. ನಮಗೆ ಗೇಣು ನೆಲ ಇರಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದ. ಏನು ಬರೆದಿದ್ದೀಯ ಅಂತ ಕೇಳಲಿಲ್ಲ.

ಸಿದ್ಧಲಿಂಗಯ್ಯನವರು ಮುಂದೆ ಬರೆದ 'ಊರು ಕೇರಿ'ಯನ್ನು ಓದಿದವರಿಗೆ ಒಂದು ಚಿತ್ರ ಮರೆಯುವುದಿಲ್ಲ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ಹೆಗಲಿಗೆ ನೊಗ ಹೊತ್ತು ನೇಗಿಲು ಎಳೆಯುತ್ತಿದ್ದಾರೆ. ನೋಡುತ್ತಿರುವ ಹುಡುಗನಿಗೆ ಅವರಲ್ಲಿ ಒಬ್ಬ ತನ್ನ ಅಪ್ಪ. ಮಂಚನಬೆಲೆಗೂ ನಮ್ಮೂರಿಗೂ ಬಹಳ ದೂರವಿಲ್ಲ. ಅಲ್ಲಿ ಹರಿಯುವ ಅರ್ಕಾವತಿಯೇ ರಾಮನಗರಕ್ಕೆ ಬಂದು, ಕನಕಪುರ ಹಾದು, ಸಂಗಮದಲ್ಲಿ ಕಾವೇರಿ ಸೇರುವುದು. ಒಂದೇ ನೀರು, ಒಂದೇ ಕಲ್ಲು, ಒಂದೇ ತರದ ಅಪ್ಪಂದಿರು. ಆ ಹುಡುಗ ಅಪ್ಪನನ್ನು ನೋಡಿದ, ನೋಡಿದ್ದನ್ನು ಬರೆದ. ನಾನೂ ನೋಡಿದೆ, ನೋಡಿ ಗೋಡೆ ಕಡೆ ತಿರುಗಿದೆ. ನಮ್ಮಿಬ್ಬರ ನಡುವೆ ಇರುವ ದೂರ ಇಷ್ಟೇ. ಆದರೆ ಈ ದೂರ ಸಣ್ಣದಲ್ಲ.

*

ಆ ಎರಡು ವರ್ಷ ನಮ್ಮ ಸೀಮೆಯಲ್ಲಿ ಎರಡು ಘಟನೆ ಒಟ್ಟೊಟ್ಟಿಗೆ ನಡೆದವು. 1973ರ ಅಕ್ಟೋಬರಿನಲ್ಲಿ ರಾಮದೇವರ ಬೆಟ್ಟಕ್ಕೆ ಬೊಂಬಾಯಿಯ ಸಿನಿಮಾದವರು ಬಂದರು. ಬಂಡೆಯ ಬುಡದಲ್ಲಿ ಸುಳ್ಳು ಊರು ಕಟ್ಟಿದರು. ಅದೇ 'ಶೋಲೆ'. ಅದರ ಮರುತಿಂಗಳು ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯ ಹತ್ತಿಕೊಂಡು ಉರಿಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹೊಡೆತ ಬಿದ್ದವು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಬೇಕು ಅಂತ ಆದೇಶ ಮಾಡಿದ ಆ ಮನುಷ್ಯ ಮಂತ್ರಿಗಿರಿ ಬಿಡಬೇಕಾಯಿತು. ಬೂಸಾ ಅಂದರೆ ದನದ ಮೇವು. ಆ ಪದದಿಂದ ಅಷ್ಟೊಂದು ಜನಕ್ಕೆ ನೋವಾಯಿತಲ್ಲ, ಮನುಷ್ಯನ ಹೆಗಲಿಗೆ ನೊಗ ಕಟ್ಟಿದಾಗ ಅದರ ಕಾಲುಭಾಗ ಜನಕ್ಕಾದರೂ ನೋವಾಯಿತೆ?

1975ರ ಆಗಸ್ಟ್ 15ರಂದು 'ಶೋಲೆ' ಬಿಡುಗಡೆಯಾಯಿತು. ಎಮರ್ಜೆನ್ಸಿ ಬಂದು ಎರಡು ತಿಂಗಳೂ ಆಗಿರಲಿಲ್ಲ. ಅದೇ ವರ್ಷ 'ಹೊಲೆಮಾದಿಗರ ಹಾಡು' ಬಂತು. ನೋಡಿ, ಒಂದೇ ಸೀಮೆಯ ಕಲ್ಲು, ಎರಡು ಕಡೆ ಎರಡು ತರ ಕಾಣಿಸಿತು. ಸಿನಿಮಾದಲ್ಲಿ ನಮ್ಮ ಬಂಡೆಗಳನ್ನು ಇಡೀ ದೇಶ ನೋಡಿತು. ಬಂಡೆಯ ಮೇಲೆ ಡಕಾಯಿತರು ನಿಂತಿದ್ದರು. ಆ ಬಂಡೆಯನ್ನು ನಿಜವಾಗಿ ಹೊರುವ ಜನ ಎಲ್ಲೂ ಇರಲಿಲ್ಲ. ಅವರು ಒಂದು ತೆಳ್ಳನೆ ಪದ್ಯದ ಪುಸ್ತಕದಲ್ಲಿದ್ದರು. ನಾನು ಸಿನಿಮಾವನ್ನು ಮೂರು ಸಲ ನೋಡಿದೆ. ಪುಸ್ತಕದ ಹೆಸರು ಕೇಳಿದ್ದು ನಾಲ್ಕು ವರ್ಷ ಆದ ಮೇಲೆ.

1979ರಲ್ಲಿ ನಾನು ಟ್ರೈನಿಂಗ್ ಓದುತ್ತಿದ್ದೆ. ಆ ವರ್ಷವೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆದದ್ದು. ದಲಿತ ಸಂಘರ್ಷ ಸಮಿತಿ ಅಷ್ಟು ಹೊತ್ತಿಗೆ ತಾಲ್ಲೂಕು ತಾಲ್ಲೂಕಿಗೆ ಹಬ್ಬುತ್ತಿತ್ತು. ಹಾಸ್ಟೆಲಿನ ಗೆಳೆಯನೊಬ್ಬ ಒಂದು ಸಂಜೆ ನನ್ನನ್ನು ಸಭೆಗೆ ಎಳೆದುಕೊಂಡು ಹೋದ. ಪೆಟ್ರೋಮ್ಯಾಕ್ಸ್ ಬೆಳಕು. ಮೈಕಿಲ್ಲ. ಒಬ್ಬ ಹುಡುಗ ತಮಟೆ ಕಾಯಿಸಿ ತಂದ. ಇನ್ನಿಬ್ಬರು ಎದ್ದು ನಿಂತು ಹಾಡಿದರು.

ಮೊದಲ ಸಾಲಿನಲ್ಲೇ ಸೈಜುಗಲ್ಲು ಬಂತು.

ನನಗೆ ಕಪಾಳಕ್ಕೆ ಹೊಡೆದಂಗಾಯಿತು. ಅಲ್ಲಿಯವರೆಗೆ ನಾನು ಓದಿದ್ದ ಪದ್ಯಗಳಲ್ಲಿ ಕಲ್ಲು ಅಂದರೆ ಬೇಲೂರಿನ ಶಿಲ್ಪ, ಹಂಪೆಯ ರಥ, ಇಲ್ಲವೇ ಕಲ್ಲಿನಂಥ ಹೃದಯ. ಪದ್ಯದೊಳಕ್ಕೆ ಸೈಜುಗಲ್ಲು ಬರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಅದೂ ಪಂಡಿತರ 'ಹೊತ್ತವರು' ಅಲ್ಲ, ನಮ್ಮ ಕೇರಿಯ 'ಹೊತ್ತೋರು'. ಆ ಒಂದು 'ಓರು' ಇದೆಯಲ್ಲ, ಅದು ನಮ್ಮವ್ವ ಹಟ್ಟಿ ಬಾಗಿಲಲ್ಲಿ ಕುಂತು ಸತ್ತೋರನ್ನು, ಹೋದೋರನ್ನು, ಉಳಿದೋರನ್ನು ಎಣಿಸುವ ಧಾಟಿ. ಇಸ್ಕೂಲಿನಲ್ಲಿ ನಾನು 'ಓರು' ಅಂದಾಗೆಲ್ಲ ಬೆತ್ತದ ಏಟು ಬಿದ್ದಿತ್ತು. ಇಲ್ಲಿ ಅದನ್ನೇ ತಮಟೆ ಬಡಿದು ಹಾಡುತ್ತಿದ್ದರು, ಕುಂತಿದ್ದ ಜನ ಅದನ್ನೇ ತಿರುಗಿ ಹೇಳುತ್ತಿದ್ದರು. ನನಗೆ ಅಲ್ಲಿ ಕುಂತಿರಲು ಆಗಲಿಲ್ಲ. ಎದ್ದು ಹೊರಗೆ ಹೋಗಿ ಹುಣಸೆ ಮರದ ಕೆಳಗೆ ನಿಂತು ಅತ್ತೆ. ಗೆಳೆಯ ಬೀಡಿ ಸೇದಲು ಹೋದ ಅಂದುಕೊಂಡಿದ್ದ.

*

ಹಾಡು ಕಲಿತೆ. ನಾನು, ಇನ್ನು ಮೂರು ಜನ ಸೇರಿ ಕೇರಿ ಕೇರಿಗೆ ಹೋಗಿ ಹಾಡತೊಡಗಿದೆವು. ನಮ್ಮ ಕೇರಿಗೆ ಬರಲು ಮಾತ್ರ ನನಗೆ ಧೈರ್ಯ ಇರಲಿಲ್ಲ. ಕೊನೆಗೆ ಮಾರಿಹಬ್ಬದ ಮರುದಿನ ಬಂದೆವು. ಅಪ್ಪ ಹಿಂದೆ, ಚಾವಡಿ ಕಂಬಕ್ಕೆ ಒರಗಿ ಕುಂತಿದ್ದ. ನಾನು ಆತನ ಮುಖ ನೋಡದೆ, ಬೇವಿನ ಮರ ನೋಡಿಕೊಂಡು ಹಾಡಿದೆ. ಹಾಡು ಮುಗಿಯಿತು. ಹೆಂಗಸರು ಸೆರಗಲ್ಲಿ ಕಣ್ಣೊರೆಸಿಕೊಂಡರು. ಅಪ್ಪ ಏನೂ ಅನ್ನಲಿಲ್ಲ.

ರಾತ್ರಿ ಉಣ್ಣುವಾಗ, ಮುದ್ದೆ ಮುರಿಯುತ್ತಾ ಕೇಳಿದ: "ಅದ್ಯಾರ್ಲಾ ಆ ಪದ ಕಟ್ಟಿರೋನು?"

"ಸಿದ್ಧಲಿಂಗಯ್ಯ ಅಂತ ಕಣಪ್ಪ. ನಮ್ಮೋರೇ. ಮಂಚನಬೆಲೆಯೋರು."

"ಓದಿರೋನಾ?"

"ಹೂಂ. ಬೆಂಗಳೂರಲ್ಲಿ."

ಅಪ್ಪ ಒಂದು ತುತ್ತು ನುಂಗಿದ. "ಚೆನ್ನಾಗ್ ಕಟ್ಟವ್ನೆ. ಆದ್ರೆ ಸಿಂಬೆ ಮರ್ತವ್ನೆ ಕಣ್ಲಾ. ಸಿಂಬೆ ಇಲ್ದೆ ಯಾವ್ ನನ್ಮಗ ಸೈಜುಗಲ್ಲು ಹೊರ್ತಾನೆ? ನೆತ್ತಿ ಒಡ್ದು ಸಾಯ್ತಾನೆ ಅಷ್ಟೆ."

ನಾವು ಬಂಡಾಯದ ಹುಡುಗರು ಈ ಟೀಕೆಯನ್ನು ಗಂಭೀರವಾಗಿ ತಗೊಂಡೆವು. ಮುಂದಿನ ಸಲ ಸಿಂಬೆಯನ್ನು ಸೇರಿಸಿ ಒಂದು ಸಾಲು ಕಟ್ಟಿ ಹಾಡಿದೆವು. ಅಪ್ಪ ಕೇಳಿ ನಕ್ಕುಬಿಟ್ಟ. "ಈಗ ಮೇಸ್ತ್ರಿ ಗೆರೆ ಬುಟ್ಬುಟ್ರಿ" ಅಂದ. ಆ ನಗುವನ್ನು ನಾನು ನೋಡಿ ಐದು ವರ್ಷ ಆಗಿತ್ತು. ಹೈಸ್ಕೂಲಿನ ಗೋಡೆಯ ದಿನದಿಂದ.

ಆ ರಾತ್ರಿ ಧೈರ್ಯ ಮಾಡಿ ಕೇಳಿದೆ. "ಅಪ್ಪಾ, ಬಂಡೇಲಿ ನೀವು ಪದ ಹೇಳ್ತಿರ್ಲಿಲ್ವಾ? ಒಂದು ಹೇಳು." ಅವ್ವ ತಡೆದಳು. "ಅದು ಮನೇಲಿ ಹೇಳೋ ಪದ ಅಲ್ಲ." ಅಪ್ಪ ಅವ್ವನನ್ನು ಒಳಗೆ ಕಳಿಸಿ, ದೀಪ ತಗ್ಗಿಸಿ, ಹೇಳಿದ.

ಕಲ್ಲು ಹೊತ್ತವನು ಮಾತಾಡುವಂತಿಲ್ಲ. ಆದರೆ ದೊಡ್ಡ ದಿಮ್ಮಿಗಲ್ಲನ್ನು ಹಾರೆ ಹಾಕಿ ಹತ್ತು ಜನ ಮೀಟುವಾಗ ಪದ ಬೇಕೇ ಬೇಕು. ಒಬ್ಬ ಎತ್ತಿಕೊಡುತ್ತಾನೆ, ಮಿಕ್ಕವರು 'ಐಲಸಾ' ಅಂತ ಒಟ್ಟಿಗೆ ಉಸಿರು ಬಿಡುತ್ತಾರೆ. ಆ ಉಸಿರಿನಲ್ಲಿ ಕಲ್ಲು ಜರುಗುತ್ತದೆ. ನಮ್ಮಪ್ಪ ಎತ್ತಿಕೊಡುವವನಂತೆ. ಇಪ್ಪತ್ತು ವರ್ಷ! ನನಗೆ ಗೊತ್ತೇ ಇರಲಿಲ್ಲ. ಆ ಪದದಲ್ಲಿ ಮೇಸ್ತ್ರಿಯ ಅವ್ವ, ಅಕ್ಕ, ಕಂಟ್ರಾಕ್ಟರನ ಹೊಟ್ಟೆ, ಗೌಡನ ಮೀಸೆ, ದೇವರ ಹುಂಡಿ, ಯಾವುದನ್ನೂ ಬಿಟ್ಟಿರಲಿಲ್ಲ. ಅಳಿಸಿಹೋದ ಗೆರೆಗಳ ಲೆಕ್ಕವೂ ಅಲ್ಲಿತ್ತು. ಯಾವ ದಿನ ಎಷ್ಟು ಗೆರೆ, ಯಾರದು. ಓದು ಬಾರದ ಜನ ಹಾಡಿನಲ್ಲಿ ಲೆಕ್ಕಪುಸ್ತಕ ಇಟ್ಟಿದ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಬರೆಯಲು ಹೇಳಿದ್ದಲ್ಲ.

ಆದರೆ ಆತ ಹೇಳಿದ ಇನ್ನೊಂದು ಮಾತು ಬರೆಯಲೇಬೇಕು. "ಮೇಸ್ತ್ರಿ ದೂರ ಇದ್ರೆ ಈ ಪದ. ಅವನ ನೆರಳು ಕಂಡ್ತೋ, ಧಾಟಿ ಅದೇ, ಪದ ಬೇರೆ. ರಂಗನಾಥಸ್ವಾಮಿ, ಮಾದಪ್ಪ, ನಮ್ ಧಣಿ ದೊಡ್ಡೋನು, ಅಂತ. ಅವನೂ ತಲೆ ಆಡಿಸ್ಕೊಂಡು ಹೋಗೋನು. ಅವನ ಬೆನ್ನು ತಿರುಗ್ತೋ, ಮತ್ತೆ ಹಳೇದೇ."

ಗೆಳೆಯರೆ, ಹಾಡು ಹುಟ್ಟಿದ್ದು ಹೆಂಗೆ ಅಂತ ಕೇಳಿದ ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ಇದು. 1975ರ ಆ ಹಾಡಿನಲ್ಲಿ ಹೊಸದು ಏನಿತ್ತು? ನೋವು ಹೊಸದಲ್ಲ. ಧಾಟಿ ಹೊಸದಲ್ಲ. 'ಓರು' ಹೊಸದಲ್ಲ. ಒಬ್ಬ ಹೇಳಿ ಹತ್ತು ಜನ ತಿರುಗಿ ಹೇಳುವುದು ಬಂಡೆಯಷ್ಟೇ ಹಳೆಯದು. ಹೊಸದಾಗಿದ್ದದ್ದು ಒಂದೇ. ಮೇಸ್ತ್ರಿಯ ನೆರಳು ಕಂಡಾಗ ಪದ ಬದಲಾಯಿಸಲಿಲ್ಲ. ಬೆನ್ನ ಹಿಂದೆ ಹೇಳುತ್ತಿದ್ದದ್ದನ್ನು ಮುಖಕ್ಕೆ ಹೇಳಿತು. ನಮ್ಮ ತಾತ ಮುತ್ತಾತಂದಿರು ನುಂಗಿಕೊಂಡದ್ದನ್ನೆಲ್ಲ ಒಬ್ಬ ಇಪ್ಪತ್ತೊಂದರ ಹುಡುಗ ಗಂಟಲಿನಿಂದ ಹೊರಗೆ ತೆಗೆದ. ಆ ಗಂಟಲು ಆತನೊಬ್ಬನದೇ ಆಗಿರಲಿಲ್ಲ. ಇದು ಆತನ ಪ್ರತಿಭೆಯನ್ನು ಕಮ್ಮಿ ಮಾಡುವ ಮಾತಲ್ಲ. ಹತ್ತು ಜನ ಸೇರಿ ಮೀಟುವ ಕಲ್ಲಿಗೂ ಎತ್ತಿಕೊಡುವವನು ಒಬ್ಬ ಬೇಕು.

*

ಆ ಹಾಡಿನ ಕಟ್ಟಡವನ್ನು ಮೇಷ್ಟ್ರ ಕಣ್ಣಿನಿಂದ ನೋಡಿ. ಅದೊಂದು ಪಟ್ಟಿ. ಇಂಥ ಕೆಲಸ ಮಾಡಿದೋರು, ಇಂಥದ್ದನ್ನು ಉಂಡೋರು, ಇಂಥದ್ದು ಸಿಕ್ಕದೋರು, ಕೊನೆಗೆ ಎಲ್ಲರನ್ನೂ ತಬ್ಬಿಕೊಳ್ಳುವ ಆ ಎರಡು ಪದ. ಪಟ್ಟಿಗೆ ಕೊನೆ ಇಲ್ಲ. ಯಾರು ಬೇಕಾದರೂ ತಮ್ಮ ಕೆಲಸವನ್ನು ಸೇರಿಸಬಹುದು. ನಾವು ಹಾಡಿಕೊಂಡು ಹೋದ ಕಡೆಯೆಲ್ಲ ಜನ ಸೇರಿಸಿದರು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಒಬ್ಬ, ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತುವ ತನ್ನ ಕೈ ತೋರಿಸಿ, "ಊರ ಮಕ್ಕಳಿಗೆಲ್ಲ ಗೊಂಬೆ ಮಾಡೋ ನಮ್ಮ ಮಕ್ಕಳಿಗೆ ಗೊಂಬೆ ಇಲ್ಲ, ಇದನ್ನೂ ಸೇರ್ಸಿ" ಅಂದ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮುಸ್ಲಿಂ ಹುಡುಗಿಯೊಬ್ಬಳು, ಕುದಿಯುವ ನೀರಿನಲ್ಲಿ ಗೂಡು ಅದ್ದಿ ಅದ್ದಿ ಬೆಂದುಹೋದ ಬೆರಳನ್ನು ಮುಂದಕ್ಕೆ ಚಾಚಿದಳು. ಮಾತೇ ಆಡಲಿಲ್ಲ. ಅವತ್ತಿನಿಂದ ಬೆರಳಿಗೂ ಒಂದು ಸಾಲು ಬಂತು. ಕನಕಪುರದ ಕಡೆ ಜೀತಕ್ಕಿದ್ದ ಮುದುಕ ಕೇಳಿದ, "ಜೀತ ಹೋಯ್ತು ಅಂತ ಸರ್ಕಾರ ಹೇಳದಂತಲ್ಲ, ನಮ್ಮ ಧಣಿಗೆ ಯಾರಾದ್ರೂ ಹೇಳಿದ್ರಾ?" ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ನಾವು ಆತನನ್ನು ಕಂಡದ್ದು 1981ರಲ್ಲಿ.

ಮೂಲ ಪಠ್ಯ ಹಾಳಾಯಿತು ಅಂತ ಪಂಡಿತರು ಹೇಳಬಹುದು. ಹಾಳಾಗಲಿ. ಪುಸ್ತಕದಲ್ಲಿ ಕವಿಯ ಪದ್ಯ ಭದ್ರವಾಗಿದೆ. ಆದರೆ ಕೇಳಿದವನಿಗೆ ತನ್ನದನ್ನೂ ಸೇರಿಸಬೇಕು ಅನ್ನಿಸದಿದ್ದರೆ ಅದು ಚಳವಳಿಯ ಹಾಡು ಹೆಂಗಾಗುತ್ತದೆ?

ನನ್ನ ತಂಗಿಯ ಮಗ ಎಂಜಿನಿಯರಿಂಗ್ ಓದಿದವನು, ಗಿಟಾರು ಬಾರಿಸುತ್ತಾನೆ. ನಾನು ಈ ಕತೆ ಹೇಳಿದಾಗ ಫೋನಿನಲ್ಲಿ ಒಂದು ಇಂಗ್ಲಿಷ್ ಹಾಡು ಹಾಕಿದ. ಮ್ಯಾಂಚೆಸ್ಟರಿನ ಹುಡುಗರದು, ಜಾಯ್ ಡಿವಿಷನ್ ಅಂತ. 1976ರಲ್ಲಿ ಶುರುವಾದ ತಂಡ, ನಾಲ್ಕು ಜನ. ಮೊದಲ ರೆಕಾರ್ಡನ್ನು 1978ರಲ್ಲಿ ತಾವೇ ಹೊರಗೆ ತಂದರಂತೆ. ನಮ್ಮವರು ಕೈಕಾಸು ಕೂಡಿಸಿ ಸೈಕ್ಲೋಸ್ಟೈಲ್ ಪತ್ರಿಕೆ ತೆಗೆದಂಗೆ. ಪದ ನನಗೆ ಅರ್ಥವಾಗಲಿಲ್ಲ. ಆದರೆ ಆ ಡ್ರಮ್ಮು, ತಗ್ಗಿದ ಆ ಗಂಟಲು, ಮಿಲ್ಲು ಮುಚ್ಚಿದ ಊರಿನ ಖಾಲಿತನ ಕಿವಿಗೆ ತಾಗಿತು. ಆ ಊರಿನ ಮಿಲ್ಲುಗಳು ಒಂದು ಕಾಲಕ್ಕೆ ನಮ್ಮ ದೇಶದ ಹತ್ತಿ ತಿಂದು, ನಮ್ಮ ನೇಕಾರರಿಗೆ ಬಟ್ಟೆ ಮಾರಿದವು. ಆಮೇಲೆ ಆತ ಚೆನ್ನೈನ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಕೇಳಿಸಿದ. 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಹತ್ತಿದ ತಂಡ. ಗಾನಾ ಹಾಡು, ಪರೈ ವಾದ್ಯ, ಅದರ ಜೊತೆ ಗಿಟಾರು. ಪರೈ ಅಂದರೆ ನಮ್ಮ ತಮಟೆಯ ಒಡಹುಟ್ಟು. ಅದು ಮಾತ್ರ ನನಗೆ ಅರ್ಥ ಮಾಡಿಸಬೇಕಾಗಲಿಲ್ಲ. "ಮಾವ, ಎಲ್ಲಾ ಕಡೆನೂ ಮೊದಲ ಹಾಡು ಹಿಂಗೇ ಹುಟ್ಟೋದು. ಕಲಿಸೋರು ಇರಲ್ಲ, ತಡ್ಕೊಳೋಕ್ ಆಗಲ್ಲ" ಅಂದ ಹುಡುಗ. ಸರಿ ಅನ್ನಿಸಿತು.

*

ಮುಂದಿನದ್ದು ನಿಮಗೆ ಗೊತ್ತೇ ಇದೆ. 1988ರಲ್ಲಿ ಕವಿ ವಿಧಾನ ಪರಿಷತ್ತಿಗೆ ಹೋದರು. ಸಮಿತಿ ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ನಾವು ಗೆಳೆಯರು ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದೆವು. ಬೇರೆ ಬೇರೆ ಬಾವುಟದ ಕೆಳಗೆ ನಿಂತು ಅದೇ ಹಾಡು ಹಾಡಿದೆವು. ನಮ್ಮಪ್ಪ 1996ರಲ್ಲಿ ತೀರಿಕೊಂಡ. ಕುತ್ತಿಗೆಯ ಮೂಳೆ ಸವೆದು, ಕೊನೆಯ ವರ್ಷಗಳಲ್ಲಿ ತಲೆಯನ್ನು ಅಡ್ಡ ತಿರುಗಿಸಲು ಆಗುತ್ತಲೇ ಇರಲಿಲ್ಲ. ಗೋಡೆಯ ದಿನದ ಬಗ್ಗೆ ನಾನು ಕ್ಷಮೆ ಕೇಳಲಿಲ್ಲ. ಕೇಳಲು ಎರಡು ಸಲ ಹೋಗಿ, ಎರಡು ಸಲವೂ ಬೀಡಿ ಹಚ್ಚಿಕೊಟ್ಟು ಬಂದೆ. 2021ರ ಜೂನ್ 11ರಂದು ಸಿದ್ಧಲಿಂಗಯ್ಯನವರು ಕೋವಿಡ್ ಕಾಲದಲ್ಲಿ ಹೋದರು. ಅವತ್ತು ಹೊರಗೆ ಹೋಗುವಂತಿರಲಿಲ್ಲ. ಅಪ್ಪನ ಹಳೇ ಪಂಚೆಯ ಒಂದು ತುಂಡು ಇಟ್ಟುಕೊಂಡಿದ್ದೆ. ಅದನ್ನು ಸುತ್ತಿ ಸಿಂಬೆ ಮಾಡಿ ಮುಂದಿಟ್ಟುಕೊಂಡು, ಬಾಗಿಲು ಹಾಕಿಕೊಂಡು ಒಬ್ಬನೇ ಹಾಡಿದೆ.

ಆ ಎಂ.ಎ. ಹುಡುಗ ಹೋದ ಮೂರನೇ ದಿನ, ತಡೆಯಲಾರದೆ, ಸ್ಕೂಟರು ಹತ್ತಿ ನಮ್ಮ ಬಂಡೆ ಕಡೆ ಹೋದೆ. ಈಗ ಅಲ್ಲಿ ಬಂಡೆ ಇಲ್ಲ. ಬಂಡೆ ಇದ್ದ ಜಾಗದಲ್ಲಿ ನೀರು ನಿಂತ ಗುಂಡಿ. ಅದರಾಚೆ ಜಲ್ಲಿ ಕ್ರಷರು. ಹಿಟ್ಟಿನ ಗಿರಣಿಯಂತೆ ಬಿಳೀ ದೂಳು. ನಮ್ಮ ಕೇರಿಯ ಹುಡುಗರು ಯಾರೂ ಇಲ್ಲ, ಅವರು ಫ್ಯಾಕ್ಟರಿಗೋ ಡ್ರೈವರ್ ಕೆಲಸಕ್ಕೋ ಹೋಗುತ್ತಾರೆ. ಅಲ್ಲಿದ್ದವರು ಒಡಿಶಾದ ಕಡೆಯ ಹುಡುಗರು. ಕೆಟ್ಟು ನಿಂತ ಯಾವುದೋ ಕಬ್ಬಿಣದ ದೊಡ್ಡ ಭಾಗವನ್ನು ಏಳೆಂಟು ಜನ ಮೀಟಿ ಜರುಗಿಸುತ್ತಿದ್ದರು. ಒಬ್ಬ ಎತ್ತಿಕೊಡುತ್ತಿದ್ದ. ಮಿಕ್ಕವರು ಉಸಿರು ಬಿಡುತ್ತಿದ್ದರು. ಭಾಷೆ ತಿಳಿಯಲಿಲ್ಲ. ಧಾಟಿ ತಿಳಿಯಿತು. ನಡುನಡುವೆ ಜೋರಾಗಿ ನಗುತ್ತಿದ್ದರು. ಯಾರನ್ನೋ ಬೈಯುತ್ತಿದ್ದಾರೆ ಅಂತ ಗೊತ್ತಾಗಿ ನನಗೂ ನಗು ಬಂತು.

ಹತ್ತಿರ ಹೋಗಿ ಕೇಳೋಣ ಅಂತ ಸ್ಕೂಟರು ನಿಲ್ಲಿಸಿ ಇಳಿದೆ. ಬಿಳೀ ಶರ್ಟು, ಜೇಬಿನಲ್ಲಿ ಪೆನ್ನು, ಕಾಲಲ್ಲಿ ಬೂಟು. ಹತ್ತು ಹೆಜ್ಜೆ ಇಟ್ಟಿರಬೇಕು. ಎತ್ತಿಕೊಡುತ್ತಿದ್ದವನು ತಲೆ ಎತ್ತಿ ನನ್ನನ್ನು ನೋಡಿದ.

ಧಾಟಿ ಅದೇ ಇತ್ತು. ಪದ ಬದಲಾಯಿತು. ನಗು ನಿಂತಿತು. ಹೊಸ ಪದದಲ್ಲಿ 'ಜಗನ್ನಾಥ' ಅನ್ನುವುದೊಂದು ಮಾತ್ರ ನನಗೆ ತಿಳಿಯಿತು.